ಮೊಣಕೈಯ ಹದಿನೈದು ಡಿಗ್ರಿ: ಕ್ರೀಡಾ ವಿಜ್ಞಾನ ಮತ್ತು ವಿಶ್ವವಿದ್ಯಾಲಯ



ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಜ್ಞಾನ ಮತ್ತು ತಂತ್ರಜ್ಞಾನದ ವಿಭಾಗ ಬೇಕು ಎಂದು ಯಾರಾದರೂ ಹೇಳಿದ ಕೂಡಲೇ ಎದುರಾಗುವ ಮೊದಲ ಪ್ರಶ್ನೆ, ‘ಇದರಿಂದ ಎಷ್ಟು ಪದಕ ಬರುತ್ತವೆ?’ ಎಂಬುದು. ಪ್ರಶ್ನೆ ಸಹಜ. ಆದರೆ ಪದಕಕ್ಕೆ ದುಡಿಯಲು ಬೇರೆ ಸಂಸ್ಥೆಗಳಿವೆ. ಪಟಿಯಾಲದಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರನ್ನು ತಯಾರು ಮಾಡುತ್ತಿದೆ. ಬೆಂಗಳೂರಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ, ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಖಾಸಗಿ ತರಬೇತಿ ಸಂಸ್ಥೆಯಿದೆ. ಅವರ ಕೆಲಸವನ್ನೇ ನಾವೂ ಅರೆಬರೆ ಮಾಡುವುದರಲ್ಲಿ ಅರ್ಥವಿಲ್ಲ. ವಿಶ್ವವಿದ್ಯಾಲಯ ಮಾತ್ರವೇ ಮಾಡಬಲ್ಲ ಕೆಲಸ ಒಂದಿದೆ: ಆಡುವ ದೇಹವನ್ನು ಅಳೆಯುವುದು, ಅಳೆದ ಬಗೆಯನ್ನು ಎಲ್ಲರ ಪರೀಕ್ಷೆಗೆ ತೆರೆದಿಡುವುದು, ಅಳತೆಯ ಮಾತು ಎಲ್ಲಿಗೆ ಮುಗಿಯುತ್ತದೆ ಎಂದು ಹೇಳುವುದು. ಈ ಮೂರನೆಯದು ಅತಿ ಕಷ್ಟದ್ದು. ಅದು ಏಕೆ ಕಷ್ಟ ಎಂಬುದನ್ನು ಇಂದು ದೇಹದ ಒಂದೇ ಒಂದು ಕೀಲನ್ನು ಹಿಡಿದು ನಿಮ್ಮ ಮುಂದೆ ಇಡುತ್ತೇನೆ. ಆ ಕೀಲು ಮೊಣಕೈ.

1995ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಮತ್ತು ಶ್ರೀಲಂಕಾ ನಡುವೆ ಟೆಸ್ಟ್ ಪಂದ್ಯ ಆರಂಭವಾಯಿತು. ಮುತ್ತಯ್ಯ ಮುರಳೀಧರನ್ ಬೌಲಿಂಗ್ ಮಾಡುತ್ತಿದ್ದಾಗ ಅಂಪೈರ್ ಡ್ಯಾರೆಲ್ ಹೇರ್ ಮೂರು ಓವರ್‌ಗಳಲ್ಲಿ ಏಳು ಸಲ ಕೈ ಚಾಚಿ ನೋಬಾಲ್ ಕೊಟ್ಟರು. ಕಾಲು ಗೆರೆ ದಾಟಿದ್ದಕ್ಕಲ್ಲ, ಚೆಂಡನ್ನು ಬೌಲ್ ಮಾಡದೆ ಎಸೆದರು ಎಂಬ ಕಾರಣಕ್ಕೆ. ಕ್ರಿಕೆಟಿನಲ್ಲಿ ಇದಕ್ಕಿಂತ ದೊಡ್ಡ ಆರೋಪವಿಲ್ಲ. 1963ರಲ್ಲಿ ಬ್ರಿಸ್ಬೇನ್‌ನಲ್ಲಿ ಇಯಾನ್ ಮೆಕಿಫ್ ಎಂಬ ಆಸ್ಟ್ರೇಲಿಯಾದ ವೇಗದ ಬೌಲರ್‌ಗೆ ಒಂದೇ ಓವರಿನಲ್ಲಿ ನಾಲ್ಕು ಸಲ ಹೀಗೆ ನೋಬಾಲ್ ಕೊಟ್ಟರು. ಆತ ಆ ಪಂದ್ಯದೊಂದಿಗೇ ಆಟ ಬಿಟ್ಟರು. ಮೆಕಿಫ್‌ಗೆ ಮೊರೆಹೋಗಲು ಯಾವ ಪ್ರಯೋಗಾಲಯವೂ ಇರಲಿಲ್ಲ. ಅಂಪೈರ್ ಕಣ್ಣಿಗೆ ಕಂಡದ್ದೇ ಕಡೆಯ ತೀರ್ಪು. ಮುರಳೀಧರನ್ ಕಾಲಕ್ಕೆ ಪರ್ತ್‌ನಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯವಿತ್ತು, ಅಲ್ಲಿ ಬ್ರೂಸ್ ಎಲಿಯಟ್ ಮತ್ತು ಸಂಗಡಿಗರು ಮನುಷ್ಯ ಚಲನೆಯನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದರು. ಮುಂದಿನ ವರ್ಷ ಪರ್ತ್‌ನಲ್ಲೂ ಹಾಂಗ್‌ಕಾಂಗ್‌ನಲ್ಲೂ ಮುರಳೀಧರನ್ ಪರೀಕ್ಷೆಗೆ ಒಳಗಾದರು. ಹುಟ್ಟಿನಿಂದಲೇ ಅವರ ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ, ನೋಡುವವರಿಗೆ ಎಸೆತದಂತೆ ತೋರುವುದು ಕಣ್ಣಿನ ಭ್ರಮೆ ಎಂಬುದು ಪರೀಕ್ಷಕರ ತೀರ್ಮಾನವಾಗಿತ್ತು.

ಇಲ್ಲಿ ನಿಯಮ ಏನು ಹೇಳುತ್ತದೆ ಎಂಬುದನ್ನು ಗಮನಿಸಬೇಕು. ಕೈ ಮಡಿಸಿ ಬೌಲ್ ಮಾಡಬಾರದು ಎಂದು ನಿಯಮ ಎಲ್ಲೂ ಹೇಳಿಲ್ಲ. ಕೈ ಭುಜದ ಮಟ್ಟಕ್ಕೆ ಬಂದಾಗಿನಿಂದ ಚೆಂಡು ಬೆರಳು ಬಿಡುವವರೆಗೆ ಮೊಣಕೈ ನೆಟ್ಟಗಾಗಬಾರದು ಎನ್ನುತ್ತದೆ. ಮಡಿಸಿದ ಕೈ ಕೊನೆಯವರೆಗೂ ಅಷ್ಟೇ ಮಡಿಸಿದ್ದರೆ ತಪ್ಪಿಲ್ಲ. ತಪ್ಪಿರುವುದು ಕೋನದಲ್ಲಲ್ಲ, ಕೋನ ಬದಲಾಗುವುದರಲ್ಲಿ. ಸಭೆಯಲ್ಲಿರುವ ನೀವು ಈಗಲೇ ಒಂದು ಪ್ರಯೋಗ ಮಾಡಬಹುದು. ಬಲಗೈಯನ್ನು ಮೊಣಕೈಯಲ್ಲಿ ಸ್ವಲ್ಪ ಮಡಿಸಿ, ಆ ಮಡಿಕೆ ಬದಲಾಗದಂತೆ ಬಿಗಿಹಿಡಿದು, ಇಡೀ ತೋಳನ್ನು ಭುಜದಿಂದ ಒಳಕ್ಕೂ ಹೊರಕ್ಕೂ ತಿರುಗಿಸಿ. ಗೋಡೆಯ ಮೇಲೆ ಬೀಳುವ ನೆರಳನ್ನು ನೋಡಿ. ಒಮ್ಮೆ ಕೈ ಮಡಿಸಿದಂತೆ ಕಾಣುತ್ತದೆ, ಒಮ್ಮೆ ನೆಟ್ಟಗೆ ಕಾಣುತ್ತದೆ. ಕೀಲು ಒಂದಿಷ್ಟೂ ಅಲುಗಿಲ್ಲ. ಒಂದೇ ಕಡೆಯಿಂದ ನೋಡುವ ಅಂಪೈರ್ ಕಣ್ಣಿಗೂ ಒಂದೇ ಟಿವಿ ಕ್ಯಾಮೆರಾಕ್ಕೂ ದಕ್ಕುವುದು ಈ ನೆರಳು ಮಾತ್ರ. ನನ್ನ ವಿದ್ಯಾರ್ಥಿಗಳಿಗೆ ಬಯೋಮೆಕ್ಯಾನಿಕ್ಸ್‌ನ ಪಾಠವನ್ನು ಯಾವ ಯಂತ್ರವನ್ನೂ ಮುಟ್ಟದೆ ಈ ನೆರಳಿನಿಂದಲೇ ಶುರುಮಾಡುತ್ತೇನೆ. ಮೂರು ಆಯಾಮಗಳಲ್ಲಿ ಅಳೆಯಬೇಕಾದ ಅಗತ್ಯ ಏನೆಂಬುದು ಆಗ ಪುಸ್ತಕವಿಲ್ಲದೆಯೇ ತಿಳಿಯುತ್ತದೆ.

ಎರಡನೆಯ ಪಾಠ ಕಾಲದ್ದು. ಕೈ ಭುಜದ ಮಟ್ಟದಿಂದ ಚೆಂಡು ಬಿಡುವ ಜಾಗಕ್ಕೆ ಬರಲು ಹಿಡಿಯುವುದು ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಸೆಕೆಂಡಿಗೆ 25 ಚಿತ್ರ ಹಿಡಿಯುವ ಸಾಮಾನ್ಯ ಟಿವಿ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ 40 ಮಿಲಿಸೆಕೆಂಡ್ ಅಂತರ. ಅಂದರೆ ನಮಗೆ ಬೇಕಾದ ಇಡೀ ಘಟನೆಯಲ್ಲಿ ಸಿಗುವುದು ಎರಡೋ ಮೂರೋ ಚಿತ್ರ. ಇಂಥ ಮೂರು ಚಿತ್ರಗಳನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿ ಟಿವಿ ವೀಕ್ಷಕ ವಿವರಣೆಗಾರರು ಒಬ್ಬ ಆಟಗಾರನ ಪ್ರಾಮಾಣಿಕತೆಯ ಬಗ್ಗೆ ಗಂಟೆಗಟ್ಟಲೆ ವಾದಿಸಿದ್ದುಂಟು. ಸೆಕೆಂಡಿಗೆ 250 ಚಿತ್ರ ಹಿಡಿಯುವ ಕ್ಯಾಮೆರಾದಲ್ಲಿ ಅಂತರ 4 ಮಿಲಿಸೆಕೆಂಡಿಗೆ ಇಳಿಯುತ್ತದೆ, ಸುಮಾರು ಇಪ್ಪತ್ತೈದು ಚಿತ್ರ ಸಿಗುತ್ತವೆ. ಅಂಥ ಹಲವು ಕ್ಯಾಮೆರಾಗಳನ್ನು ಸುತ್ತ ನಿಲ್ಲಿಸಿ, ಬೌಲರ್‌ನ ಬೆನ್ನು, ಭುಜ, ತೋಳು, ಮಣಿಕಟ್ಟಿನ ಮೇಲೆ ಬೆಳಕು ಹಿಂದಿರುಗಿಸುವ ಪುಟ್ಟ ಗುಂಡುಗಳನ್ನು ಅಂಟಿಸಿ, ಆ ಗುಂಡುಗಳ ಚಲನೆಯಿಂದ ಎಲುಬುಗಳ ಚಲನೆಯನ್ನು ಲೆಕ್ಕಹಾಕುತ್ತಾರೆ.

ತೊಡಕು ಇರುವುದು ಈ ಕೊನೆಯ ವಾಕ್ಯದಲ್ಲಿ. ಗುಂಡು ಅಂಟಿರುವುದು ಚರ್ಮಕ್ಕೆ, ನಮಗೆ ಬೇಕಿರುವುದು ಚರ್ಮದಡಿಯ ಎಲುಬು. ಅಷ್ಟು ವೇಗದಲ್ಲಿ ತಿರುಗುವ ತೋಳಿನ ಮೇಲೆ ಚರ್ಮ ಎಲುಬನ್ನು ಬಿಟ್ಟು ಜಾರುತ್ತದೆ. ಮೊಣಕೈಯ ತಿರುಗುವ ಅಕ್ಷ ಎಲ್ಲಿದೆ ಎಂದು ನಾವು ಗುರುತಿಸುವುದರಲ್ಲಿ ಒಂದಿಷ್ಟು ವ್ಯತ್ಯಾಸವಾದರೆ ಬಾಗುವಿಕೆಯ ಲೆಕ್ಕಕ್ಕೆ ಪಕ್ಕದ ಓರೆ ಬಂದು ಸೇರುತ್ತದೆ. ಕೆಲವರ ಮೊಣಕೈ ನೇರವನ್ನೂ ದಾಟಿ ಹಿಂದಕ್ಕೆ ಬಾಗುತ್ತದೆ, ಅದನ್ನು ನೆಟ್ಟಗಾಗುವಿಕೆಯೆಂದು ಎಣಿಸಬೇಕೆ? ಇನ್ನು ಚೆಂಡು ಬಿಟ್ಟ ಕ್ಷಣ ಯಾವುದು? ಆ ಕ್ಷಣಕ್ಕೆ ಸರಿಯಾಗಿ ಕೈಯ ವೇಗ ಥಟ್ಟನೆ ಬದಲಾಗುತ್ತದೆ. ದತ್ತಾಂಶದ ಅಲುಗಾಟ ಕಳೆಯಲು ನಾವು ಬಳಸುವ ಗಣಿತ ಆ ಬದಲಾವಣೆಯನ್ನೂ ಸವರಿಬಿಟ್ಟರೆ ಕೋನ ಕೆಲವು ಡಿಗ್ರಿ ಹೆಚ್ಚೋ ಕಡಿಮೆಯೋ ಆಗಬಹುದು. ಮಿತಿ ಐದು ಡಿಗ್ರಿ ಎಂದಿರುವಲ್ಲಿ ಅಳತೆಯ ತಪ್ಪೇ ಎರಡು ಮೂರು ಡಿಗ್ರಿಯಾದರೆ ಬೌಲರ್‌ನ ಗತಿಯೇನು?

ಮಿತಿ ನಿಜಕ್ಕೂ ಐದು ಡಿಗ್ರಿಯೇ ಇತ್ತು. ಸ್ಪಿನ್ನರ್‌ಗಳಿಗೆ 5, ಮಧ್ಯಮ ವೇಗದವರಿಗೆ 7.5, ವೇಗದವರಿಗೆ 10 ಎಂದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಆಗ ನಿಗದಿಪಡಿಸಿತ್ತು. 2004ರಲ್ಲಿ ಮುರಳೀಧರನ್ ಅವರ ‘ದೂಸ್ರಾ’, ಅಂದರೆ ಮಾಮೂಲಿಗೆ ವಿರುದ್ಧ ದಿಕ್ಕಿಗೆ ತಿರುಗುವ ಎಸೆತದ ಬಗ್ಗೆ ಪಂದ್ಯದ ರೆಫರಿ ಕ್ರಿಸ್ ಬ್ರಾಡ್ ವರದಿ ಕೊಟ್ಟರು. ಪರ್ತ್‌ನಲ್ಲಿ ಮತ್ತೆ ಅಳೆದಾಗ ದೂಸ್ರಾದಲ್ಲಿ ಕೈ ಸರಾಸರಿ 14 ಡಿಗ್ರಿ ನೆಟ್ಟಗಾಗುತ್ತಿತ್ತು. ತಿದ್ದುಪಡಿಯ ಅಭ್ಯಾಸದ ನಂತರ 10.2ಕ್ಕೆ ಇಳಿಯಿತು. ಆದರೂ ಮಿತಿಯ ಎರಡರಷ್ಟು. ಆಗ ವಿಜ್ಞಾನಿಗಳು ಎತ್ತಿದ ಪ್ರಶ್ನೆ ನನಗೆ ಬಹಳ ಮುಖ್ಯ ಎನಿಸುತ್ತದೆ. ಉಳಿದವರ ಕೈ ಎಷ್ಟು ನೆಟ್ಟಗಾಗುತ್ತದೆ? ಯಾರ ಮೇಲೆ ಅನುಮಾನವಿದೆಯೋ ಅವರನ್ನಷ್ಟೇ ಅಳೆದರೆ ಸಹಜ ಯಾವುದು, ಅಸಹಜ ಯಾವುದು ಎಂದು ತಿಳಿಯುವುದಾದರೂ ಹೇಗೆ? ಅದೇ ವರ್ಷ ಇಂಗ್ಲೆಂಡಿನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿಯ ಬೌಲರ್‌ಗಳನ್ನು ವೇಗದ ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ ನೋಡಿದಾಗ, ಯಾರೂ ಯಾವತ್ತೂ ಅನುಮಾನಿಸದ ಶುದ್ಧ ಶೈಲಿಯವರೂ ಸೇರಿ ಬಹುಪಾಲು ಬೌಲರ್‌ಗಳ ಕೈ ಒಂದಿಷ್ಟು ನೆಟ್ಟಗಾಗುತ್ತಿದ್ದುದು ಕಂಡಿತು. ಅಕ್ಷರಶಃ ನೋಡಿದರೆ ನಿಯಮ ಆಟವನ್ನೇ ನಿಷೇಧಿಸಿಬಿಡುತ್ತಿತ್ತು. ಅರವಿಂದ ಡಿಸಿಲ್ವ, ಮೈಕೆಲ್ ಹೋಲ್ಡಿಂಗ್ ಮೊದಲಾದ ಹಳೆಯ ಆಟಗಾರರಿದ್ದ ಸಮಿತಿ ಎಲಿಯಟ್, ಪಾಲ್ ಹುರಿಯನ್, ಮಾರ್ಕ್ ಪೋರ್ಟಸ್ ಎಂಬ ತಜ್ಞರ ಮಾತು ಕೇಳಿ, ಎಲ್ಲ ಬಗೆಯ ಬೌಲರ್‌ಗಳಿಗೂ 15 ಡಿಗ್ರಿಯ ಮಿತಿಯನ್ನು ಶಿಫಾರಸು ಮಾಡಿತು. 2005ರಲ್ಲಿ ಅದು ಜಾರಿಗೆ ಬಂತು.

ಮುರಳೀಧರನ್‌ಗಾಗಿ ನಿಯಮ ಬದಲಾಯಿಸಿದರು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಆ ಮಾತು ಅನ್ಯಾಯದ್ದು. ಹೋಲ್ಡಿಂಗ್ ಮೊದಲು ಈ ಬಗೆಯ ಶೈಲಿಗಳ ಕಟು ಟೀಕಾಕಾರರಾಗಿದ್ದವರು, ದತ್ತಾಂಶ ನೋಡಿ ಅಭಿಪ್ರಾಯ ಬದಲಿಸಿದರು. ಆದರೆ ಹದಿನೈದು ಎಂಬ ಸಂಖ್ಯೆ ಮೊಣಕೈಯೊಳಗೆ ಬರೆದಿಟ್ಟದ್ದಲ್ಲ ಎಂಬುದೂ ಅಷ್ಟೇ ನಿಜ. ಅದರ ಆಸುಪಾಸಿನಲ್ಲಿ ನೆಟ್ಟಗಾಗುವಿಕೆ ಬರಿಗಣ್ಣಿಗೆ ಕಾಣತೊಡಗುತ್ತದೆ, ಅಳತೆಯ ತಪ್ಪಿಗೂ ಜಾಗ ಉಳಿಯುತ್ತದೆ ಎಂಬ ಎರಡು ಕಾರಣಗಳಿಂದ ಮನುಷ್ಯರು ಕೂತು ಒಪ್ಪಿಕೊಂಡ ಗೆರೆ ಅದು. ಮಡಿಸಿದ ಕೈಯನ್ನು ಭುಜದಿಂದ ಒಳಕ್ಕೆ ತಿರುಗಿಸಿದರೆ, ಮೊಣಕೈ ಒಂದಿಷ್ಟೂ ನೆಟ್ಟಗಾಗದಿದ್ದರೂ ಚೆಂಡಿಗೆ ಹೆಚ್ಚಿನ ವೇಗ ಕೊಡಬಹುದೆಂದು ಸಂಶೋಧನೆಗಳು ತೋರಿಸಿವೆ. ನಿಯಮ ತಡೆಯಲು ಹೊರಟ ಲಾಭ ಬೇರೆ ದಾರಿಯಲ್ಲೂ ಸಿಗುತ್ತದೆಯಾದರೆ ಗೆರೆ ಇರುವ ಜಾಗ ಸರಿಯೆ? ಇದು ವಿಜ್ಞಾನದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ವಿಜ್ಞಾನಿ ಇದನ್ನು ಎತ್ತಿ ತೋರಿಸಬೇಕು, ತಾನೇ ತೀರ್ಪು ಕೊಟ್ಟುಬಿಡಬಾರದು.

ಇನ್ನು 2014. ಆ ವರ್ಷ ಕ್ರಿಕೆಟ್ ಮಂಡಳಿ ಶಂಕಾಸ್ಪದ ಶೈಲಿಗಳ ವಿರುದ್ಧ ಬಿಗಿ ಕ್ರಮಕ್ಕೆ ಇಳಿಯಿತು. ಇದೇ ಹೊತ್ತಿಗೆ, ಸುಮಾರು ಎರಡು ದಶಕ ಈ ಪರೀಕ್ಷೆಗಳನ್ನು ನಡೆಸಿದ್ದ ಪರ್ತ್‌ನ ವಿಶ್ವವಿದ್ಯಾಲಯ ಮಂಡಳಿಗೆ ಕೊಡುತ್ತಿದ್ದ ಸೇವೆಯನ್ನು ನಿಲ್ಲಿಸಿತು. ಅಳೆಯುವ ವಿಧಾನದ ಬಗ್ಗೆ, ಪಾರದರ್ಶಕತೆಯ ಬಗ್ಗೆ ಅವರಿಬ್ಬರ ನಡುವೆ ಭಿನ್ನಮತವಿತ್ತು. ಪರೀಕ್ಷೆಗಳು ಬ್ರಿಸ್ಬೇನ್, ಇಂಗ್ಲೆಂಡಿನ ಲಫ್‌ಬರೋ, ವೇಲ್ಸ್‌ನ ಕಾರ್ಡಿಫ್, ನಮ್ಮ ಪಕ್ಕದ ಚೆನ್ನೈನ ಶ್ರೀ ರಾಮಚಂದ್ರ ವಿಶ್ವವಿದ್ಯಾಲಯ ಇಲ್ಲೆಲ್ಲ ಹಂಚಿಹೋದವು. ಪಾಕಿಸ್ತಾನದ ಸಯೀದ್ ಅಜ್ಮಲ್ 2009ರಲ್ಲಿ ಪರ್ತ್‌ನಲ್ಲಿ ಪರೀಕ್ಷೆ ಎದುರಿಸಿ ಪಾರಾಗಿದ್ದವರು. 2014ರಲ್ಲಿ ಬ್ರಿಸ್ಬೇನ್‌ನಲ್ಲಿ ಅವರ ಎಲ್ಲ ಎಸೆತಗಳೂ ಮಿತಿ ಮೀರಿವೆ ಎಂದಾಯಿತು. ಆಗ ಅವರು ಏಕದಿನ ಪಂದ್ಯಗಳಲ್ಲಿ ಜಗತ್ತಿನ ಮೊದಲ ಸ್ಥಾನದ ಬೌಲರ್. ಶೈಲಿ ತಿದ್ದಿಕೊಂಡು 2015ರಲ್ಲಿ ಅನುಮತಿ ಪಡೆದರೂ ಹಳೆಯ ಅಜ್ಮಲ್ ಮರಳಲಿಲ್ಲ. ನಡುವಿನ ಐದು ವರ್ಷಗಳಲ್ಲಿ ಬದಲಾದದ್ದು ಅವರ ಕೈಯೋ, ಅಳೆಯುವ ವಿಧಾನವೋ, ಎರಡೂ ಸೇರಿಯೋ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಎರಡೂ ಪರೀಕ್ಷೆಗಳ ವಿಧಾನ ಮತ್ತು ದತ್ತಾಂಶ ಸ್ವತಂತ್ರ ವಿದ್ವಾಂಸರ ಕೈಗೆ ಸಿಗಬೇಕು. ಆಟಗಾರನಿಗೆ ಆ ಹಕ್ಕು ಇರಬೇಕೆಂಬುದು ನನ್ನ ಖಚಿತ ನಿಲುವು. ಕೋನವೊಂದು ಕೆಲವೇ ಡಿಗ್ರಿ ಅತ್ತಿತ್ತಾದರೆ ಒಬ್ಬನ ಅನ್ನ ಹೋಗುತ್ತದೆ. ಆ ಡಿಗ್ರಿಗಳು ಹೇಗೆ ಹುಟ್ಟಿದವು ಎಂಬುದನ್ನು ಬೀಗ ಹಾಕಿ ಇಡುವ ಪ್ರಯೋಗಾಲಯ, ಅದರ ಕ್ಯಾಮೆರಾಗಳು ಎಷ್ಟೇ ದುಬಾರಿಯಾದರೂ, ವಿಶ್ವವಿದ್ಯಾಲಯದ ಪ್ರಯೋಗಾಲಯ ಅನಿಸಿಕೊಳ್ಳುವುದಿಲ್ಲ.

ಕರ್ನಾಟಕಕ್ಕೂ ಈ ಕಥೆಗೂ ದೂರವಿಲ್ಲ. ಆ ಬಿಗಿ ಕ್ರಮದ ಕಾಲದಲ್ಲಿ ಮಂಡಳಿಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದವರು ಅನಿಲ್ ಕುಂಬ್ಳೆ, ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಪಂದ್ಯದ ರೆಫರಿಯಾಗಿ ದೇಶದೇಶ ಸುತ್ತುವ ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರುಮೆಂಟೇಷನ್ ಓದಿದವರು, ಅಂದರೆ ಅಳತೆಯ ಉಪಕರಣಗಳನ್ನೇ ಅಭ್ಯಾಸ ಮಾಡಿದವರು. ಎರಾಪಳ್ಳಿ ಪ್ರಸನ್ನ ಎಂಜಿನಿಯರಿಂಗ್ ಓದು ಮುಗಿಸಲೆಂದು ಟೆಸ್ಟ್ ಕ್ರಿಕೆಟನ್ನೇ ಕೆಲವು ವರ್ಷ ಬಿಟ್ಟಿದ್ದರು. ಭಾಗವತ್ ಚಂದ್ರಶೇಖರ್ ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು. ಫೀಲ್ಡಿಂಗ್ ಮಾಡುವಾಗ ಚೆಂಡೆಸೆಯಲು ಎಡಗೈ, ಬೌಲಿಂಗಿಗೆ ಬಲಗೈ. ಆ ತೋಳಿನ ಸ್ನಾಯು ಚೆಂಡಿಗೆ ಆ ವೇಗವನ್ನೂ ಆ ಸುತ್ತನ್ನೂ ಹೇಗೆ ಕೊಟ್ಟಿತೆಂದು ಅವರು ಆಡುತ್ತಿದ್ದಾಗ ಯಾವ ವಿಶ್ವವಿದ್ಯಾಲಯವೂ ಅಳೆದು ದಾಖಲಿಸಲಿಲ್ಲವಲ್ಲ ಎಂಬ ಕೊರಗು ನನಗಿದೆ. ಸರಾಸರಿ ದೇಹಗಳಿಂದ ಕಟ್ಟಿದ ನಮ್ಮ ಪಠ್ಯಗಳು ಚಂದ್ರಶೇಖರ್, ಮುರಳೀಧರನ್ ಅಂಥವರ ಮುಂದೆ ಮೌನವಾಗುತ್ತವೆ. ಸಂಶೋಧನೆ ಆರಂಭವಾಗಬೇಕಾದದ್ದು ಅಲ್ಲಿಂದ.

ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಎಂಜಿನಿಯರಿಂಗ್ ಕಾಲೇಜು ಒಂದು ಕಡೆ, ವೈದ್ಯಕೀಯ ಕಾಲೇಜು ಇನ್ನೊಂದು ಕಡೆ, ದೈಹಿಕ ಶಿಕ್ಷಣ ವಿಭಾಗ ಮೈದಾನದ ಅಂಚಿನ ಹಳೆಯ ಕಟ್ಟಡದಲ್ಲಿ. ಬಿ.ಪಿ.ಎಡ್ ವಿದ್ಯಾರ್ಥಿಗೆ ಆಟ ಗೊತ್ತು, ಕಲನಶಾಸ್ತ್ರ ಬಾರದು. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸಂವೇದಕ ಜೋಡಿಸಲು ಬರುತ್ತದೆ, ಯಾವ ಸ್ನಾಯು ಯಾವಾಗ ದಣಿಯುತ್ತದೆಂದು ತಿಳಿಯದು. ಇವರಿಬ್ಬರೂ ಒಂದೇ ಮೇಜಿನ ಎದುರು ಕೂರುವುದು ಒಬ್ಬರಿಗೊಬ್ಬರು ಅಗತ್ಯವಾದಾಗ ಮಾತ್ರ, ಆದ್ದರಿಂದ ಇಬ್ಬರೂ ಸೇರದೆ ಬಿಡಿಸಲಾಗದ ಸಮಸ್ಯೆ ಕೊಡಬೇಕು.

ಹಿಂದೆ ಕ್ರೀಡಾ ವಿಜ್ಞಾನ ಬೆಳೆದದ್ದೂ ಹಾಗೆಯೇ. ಸ್ನಾಯುವಿನ ಶಾಖದ ಅಧ್ಯಯನಕ್ಕೆ 1922ರ ನೊಬೆಲ್ ಪಡೆದ ಎ.ವಿ. ಹಿಲ್ ಮೊದಲು ಗಣಿತ ಓದಿದವರು, ಸ್ವತಃ ಓಟಗಾರ. 1927ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓಟಗಾರರ ಮೈಗೆ ಕಾಂತವನ್ನು ಕಟ್ಟಿ, ಓಡುವ ದಾರಿಯುದ್ದಕ್ಕೂ ತಂತಿಯ ಸುರುಳಿಗಳನ್ನಿಟ್ಟು, ಪ್ರತಿ ಸುರುಳಿಯ ಮುಂದೆ ಕಾಂತ ಹಾದಾಗ ಹುಟ್ಟುವ ವಿದ್ಯುತ್ತಿನಿಂದ ಓಟದ ವೇಗ ಹೆಜ್ಜೆಹೆಜ್ಜೆಗೂ ಹೇಗೆ ಏರುತ್ತದೆಂದು ದಾಖಲಿಸಿದರು. ಇದೇ ಹಿಲ್ 1943–44ರಲ್ಲಿ ಭಾರತಕ್ಕೆ ಬಂದು ನಮ್ಮ ವೈಜ್ಞಾನಿಕ ಸಂಶೋಧನೆಯ ಸ್ಥಿತಿಯ ಬಗ್ಗೆ ವರದಿ ಕೊಟ್ಟರು. ಅಖಿಲ ಭಾರತ ವೈದ್ಯಕೀಯ ಕೇಂದ್ರವೊಂದು ಬೇಕೆಂಬ ಅವರ ಸಲಹೆ ಮುಂದೆ ಏಮ್ಸ್‌ಗೆ ದಾರಿ ಮಾಡಿತು.

ಹಿಲ್ ಅವರ ಕಾಂತದ ಪ್ರಯೋಗವನ್ನು ನೆನೆದಾಗಲೆಲ್ಲ ನನಗೆ ನಮ್ಮ ಕಂಬಳ ನೆನಪಾಗುತ್ತದೆ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್‌ನ ಕರೆಯನ್ನು (ಓಟದ ಹಾದಿಯನ್ನು) 13.62 ಸೆಕೆಂಡುಗಳಲ್ಲಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಸೆಕೆಂಡು ಎಂದರು, ವಿಶ್ವದಾಖಲೆಯ ಓಟಗಾರ ಉಸೇನ್ ಬೋಲ್ಟ್‌ನ 9.58ಕ್ಕಿಂತ ವೇಗ ಎಂದು ಜಗತ್ತಿನ ತುಂಬ ಸುದ್ದಿಯಾಯಿತು. ಈ ಭಾಗಾಕಾರವನ್ನು ನಾನು ತರಗತಿಯಲ್ಲಿ ಹಲಗೆಯ ಮೇಲೆ ಬರೆದು ಬಿಡುತ್ತೇನೆ, ಮುಂದಿನದನ್ನು ವಿದ್ಯಾರ್ಥಿಗಳೇ ಬಿಡಿಸುತ್ತಾರೆ. ಬರ್ಲಿನ್‌ನಲ್ಲಿ ನಡೆದ ಆ 9.58ರ ಓಟದಲ್ಲಿ ಬೋಲ್ಟ್ ಮೊದಲ 20 ಮೀಟರಿಗೆ ಸುಮಾರು 2.9 ಸೆಕೆಂಡು ತೆಗೆದುಕೊಂಡ. 60ರಿಂದ 80 ಮೀಟರ್‌ವರೆಗಿನ 20 ಮೀಟರಿಗೆ 1.61 ಸೆಕೆಂಡು ಸಾಕಾಯಿತು. ನಿಂತಲ್ಲಿಂದ ವೇಗ ಹಿಡಿಯುವ ಆ ಆರಂಭದ ಖರ್ಚು ದೂರ ಹೆಚ್ಚಿದಷ್ಟೂ ಹಂಚಿಹೋಗುತ್ತದೆ, ಆದ್ದರಿಂದ ಸರಾಸರಿಯಿಂದ 100 ಮೀಟರಿನ ಕಾಲವನ್ನು ತೆಗೆಯಲು ಬರುವುದಿಲ್ಲ. ಕೋಣ ಓಟಗಾರನನ್ನು ಎಷ್ಟು ಎಳೆಯಿತು? ಓಟ ಶುರುವಾಗುವ ಗಂತಿನಲ್ಲಿ ಗಡಿಯಾರ ಯಾವ ಕ್ಷಣಕ್ಕೆ ಶುರುವಾಯಿತು? ಓಟ ಮುಗಿಯುವ ಮಂಜೊಟ್ಟಿಯಲ್ಲಿ ಅದು ನಿಂತದ್ದು ಕೋಣದ ಮೂತಿಗೋ ಓಟಗಾರನ ಎದೆಗೋ? ಟ್ರ್ಯಾಕಿನ ಓಟವೇ ಬೇರೆ ಎಂದು ಸ್ವತಃ ಗೌಡರೇ ಹೇಳಿ ಕ್ರೀಡಾ ಪ್ರಾಧಿಕಾರದ ಆಯ್ಕೆ ಪರೀಕ್ಷೆಗೆ ಹೋಗಲಿಲ್ಲ. ಅಂದು ಎಲ್ಲರಿಗಿಂತ ವೈಜ್ಞಾನಿಕವಾಗಿ ಮಾತಾಡಿದವರು ಅವರೇ ಎಂದು ನಾನು ಗೌರವದಿಂದ ಹೇಳುತ್ತೇನೆ.

ಬೋಲ್ಟ್‌ನ ಹೋಲಿಕೆಯ ಗದ್ದಲದಲ್ಲಿ ಅಳೆಯಬೇಕಾದ ನಿಜವಾದ ವಿಷಯ ಕಳೆದುಹೋಯಿತು. ಕೆಸರು ನೀರಿನ ಕರೆಯಲ್ಲಿ ಬರಿಗಾಲು ಹಿಡಿತ ಹೇಗೆ ಕಂಡುಕೊಳ್ಳುತ್ತದೆ? ಹಗ್ಗ ಹಿಡಿದ ಕೈಯಿಂದ ಭುಜಕ್ಕೆ ಎಷ್ಟು ಬಲ ಏರುತ್ತದೆ? ನೇಗಿಲಿನ ಓಟಕ್ಕೂ ಹಗ್ಗದ ಓಟಕ್ಕೂ ಸೊಂಟದ ಮೇಲಿನ ಹೊರೆಯಲ್ಲಿ ವ್ಯತ್ಯಾಸವೇನು? ಹಗ್ಗದ ನಡುವೆ ಒಂದು ಬಲಮಾಪಕ ಕೂಡಿಸಿ, ಕರೆಯ ಪಕ್ಕದಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿಯುವ ಮೊಬೈಲುಗಳನ್ನು ನಿಲ್ಲಿಸಿದರೆ ಆರಂಭಕ್ಕೆ ಸಾಕು. ಚಿತ್ರಗಳನ್ನು ಅಳೆಯಲು ಟ್ರ್ಯಾಕರ್, ಕಿನೋವಿಯಾದಂಥ ಉಚಿತ ತಂತ್ರಾಂಶಗಳಿವೆ. ಪರ್ತ್‌ನಲ್ಲಾಗಲಿ ಲಫ್‌ಬರೋದಲ್ಲಾಗಲಿ ಈ ಸಂಶೋಧನೆಯನ್ನು ಯಾರೂ ಮಾಡಲಾರರು. ಮಂಗಳೂರು ಸೀಮೆಯ ವಿದ್ಯಾರ್ಥಿ ಮಾಡಬಲ್ಲ.

ಖೋ ಖೋ ಕೂಡ ಹಾಗೆಯೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆದು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಕಂಬದ ಬಳಿ ಪೂರ್ಣ ವೇಗದಲ್ಲಿ ತಿರುಗುವಾಗ, ತಪ್ಪಿಸಿಕೊಳ್ಳುವಾಗ ಥಟ್ಟನೆ ನಿಂತು ದಿಕ್ಕು ಬದಲಿಸುವಾಗ ಮಂಡಿಯ ಮೇಲೆ ಬೀಳುವ ತಿರುಚು ಬಲ ಸಣ್ಣದಲ್ಲ. ದಿಕ್ಕು ಬದಲಿಸುವ ಆಟಗಳಲ್ಲಿ ಮಂಡಿಯ ಮುಂಭಾಗದ ಅಡ್ಡ ತಂತುಕಟ್ಟು ಹರಿಯುವ ಅಪಾಯ ಹುಡುಗಿಯರಿಗೆ ಹೆಚ್ಚೆಂದು ಬೇರೆ ದೇಶಗಳ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಅಧ್ಯಯನಗಳಿಂದ ತಿಳಿದಿದೆ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಬರಿಗಾಲಲ್ಲಿ, ಗಟ್ಟಿ ನೆಲದ ಮೇಲೆ ಖೋ ಖೋ ಆಡುವ ಹುಡುಗಿಯರ ಮಂಡಿಗೆ ಏನಾಗುತ್ತಿದೆ ಎಂದು ಕೇಳುವ ಹೊಣೆ ಈ ವಿಶ್ವವಿದ್ಯಾಲಯದ್ದು. ಮಂಡಿ ಹರಿದ ಹುಡುಗಿ ಆಟ ಬಿಟ್ಟು ಮನೆಗೆ ಹೋಗುತ್ತಾಳೆ. ಅವಳ ಹೆಸರು ಯಾವ ದಾಖಲೆಯಲ್ಲೂ ಉಳಿಯುವುದಿಲ್ಲ. ನನ್ನನ್ನು ಕೇಳಿದರೆ, ಹೊಸ ವಿಭಾಗದ ಮೊದಲ ಪಿಎಚ್‌.ಡಿ ಈ ವಿಷಯದ ಮೇಲೆ ಬರಬೇಕು. ಕ್ರಿಕೆಟಿಗೆ ಹಣವೂ ಕ್ಯಾಮೆರಾಗಳೂ ಸಾಕಷ್ಟಿವೆ.

ಪಠ್ಯಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಅಳತೆಯ ತಪ್ಪು ಎಂಬ ಒಂದು ಪತ್ರಿಕೆ ಕಡ್ಡಾಯವಾಗಿರಲಿ ಎಂಬುದೊಂದೇ ನನ್ನ ಕೋರಿಕೆ. ಒಂದೇ ಎಸೆತವನ್ನು ಇಬ್ಬರು ವಿದ್ಯಾರ್ಥಿಗಳು ಬೇರೆಬೇರೆಯಾಗಿ ಗುಂಡು ಅಂಟಿಸಿ ಅಳೆಯಲಿ, ಉತ್ತರಗಳ ಅಂತರ ನೋಡಲಿ. ಆ ಅಂತರವನ್ನು ತಮ್ಮ ವರದಿಯ ಮೊದಲ ಪುಟದಲ್ಲೇ ಬರೆಯುವ ಅಭ್ಯಾಸವಾಗಲಿ.

ಕೊನೆಯದಾಗಿ, ಅಳೆಯಲ್ಪಡುವವರ ಮಾತು. ಇಂದು ಆಟಗಾರ್ತಿಯ ಅಂಗಿಯಲ್ಲಿ ಜಿಪಿಎಸ್ ಇದೆ, ಕೈಯಲ್ಲಿ ನಾಡಿಯೆಣಿಸುವ ಗಡಿಯಾರವಿದೆ, ನಿದ್ದೆ, ತೂಕ, ಋತುಚಕ್ರ ಎಲ್ಲವೂ ಯಾವುದೋ ಕಂಪ್ಯೂಟರಿನಲ್ಲಿ ಸೇರುತ್ತಿವೆ. ಆ ಮಾಹಿತಿಯನ್ನು ಆಯ್ಕೆದಾರರು ನೋಡಬಹುದೆ? ಪ್ರಾಯೋಜಕರು ಕೊಳ್ಳಬಹುದೆ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ದೇಶದಲ್ಲಿ ಕಾಯ್ದೆಯಾಗಿದೆ. ಆದರೆ ಹದಿನೇಳರ ಹುಡುಗಿ ತರಬೇತುದಾರರ ಎದುರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಅವಳ ಪರವಾಗಿ ವಿಶ್ವವಿದ್ಯಾಲಯ ನಿಲ್ಲಬೇಕು. ನಮ್ಮ ಪ್ರಯೋಗಾಲಯಕ್ಕೆ ಬರುವ ಪ್ರತಿಯೊಬ್ಬರ ಒಪ್ಪಿಗೆ ಪತ್ರ ಕನ್ನಡದಲ್ಲಿ, ಒಂದೇ ಪುಟದಲ್ಲಿ ಇರಲಿ. ಏನು ಅಳೆಯುತ್ತೇವೆ, ಯಾರಿಗೆ ತೋರಿಸುತ್ತೇವೆ, ಬೇಡವೆಂದರೆ ಯಾವಾಗ ಅಳಿಸುತ್ತೇವೆ ಎಂದು ಅದರಲ್ಲಿ ಬರೆದಿರಲಿ. ಫಲಿತಾಂಶ ಮೊದಲು ಅವರ ಕೈಗೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಲುಪಲಿ, ತರಬೇತುದಾರರಿಗೂ ಫೆಡರೇಷನ್ನಿಗೂ ಆಮೇಲೆ. ಕುಲಪತಿಗಳು ಕ್ಯಾಮೆರಾ ಖರೀದಿಯ ಟೆಂಡರ್ ಕರೆಯುವ ಮೊದಲು ಆ ಒಂದು ಪುಟವನ್ನು ಬರೆಸಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಕರಡು ತಯಾರಿಸಲು ನಾನು ಸಿದ್ಧನಿದ್ದೇನೆ.